ಆಟಕ್ಕೆ ಕೊಟ್ಟ ವರ್ಷ ಹಾಳಾಗುವುದಿಲ್ಲ

ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶ ಹೊರಡಿಸಿತು. ಪೋಷಕರು ಆಕ್ಷೇಪ ಎತ್ತಿದ್ದರಿಂದ ಅದರ ಜಾರಿ 2025–26ನೇ ಸಾಲಿಗೆ ಹೋಯಿತು. ಆ ಸಾಲು ಬಂದಾಗ ಮತ್ತೆ ಗದ್ದಲ. ಕೊನೆಗೆ 2025ರ ಏಪ್ರಿಲ್‌ನಲ್ಲಿ, ಆ ಒಂದು ವರ್ಷದ ಮಟ್ಟಿಗೆ, ಯುಕೆಜಿ ಮುಗಿಸಿದ ಮಗುವಿಗೆ 5 ವರ್ಷ 5 ತಿಂಗಳಾಗಿದ್ದರೆ ಸಾಕು ಎಂದು ಸರ್ಕಾರ ವಿನಾಯಿತಿ ಕೊಟ್ಟಿತು. ಕೆಲವೇ ದಿನ ಕಡಿಮೆ ಬಿದ್ದು ಸೀಟು ತಪ್ಪುವ ಭಯದಲ್ಲಿದ್ದ ತಂದೆತಾಯಿಯರ ಸಂಕಟ ನಿಜವಾದದ್ದೇ. ಆದರೆ ಆಗ ಎಲ್ಲರ ಬಾಯಲ್ಲೂ ಓಡಾಡಿದ ಒಂದು ಮಾತು ನನ್ನನ್ನು ಇನ್ನೂ ಕಾಡುತ್ತಿದೆ: ‘ಮಗುವಿಗೆ ಒಂದು ವರ್ಷ ಹಾಳಾಗುತ್ತದೆ.’ ಐದು ವರ್ಷದ ಮಗು ಇನ್ನೊಂದು ವರ್ಷ ಯುಕೆಜಿಯಲ್ಲೋ ಅಂಗನವಾಡಿಯಲ್ಲೋ ಇದ್ದರೆ ಆ ವರ್ಷ ದಂಡ ಎಂದು ನಾವು ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದು ಹೇಗೆ?

ಒಪ್ಪಿಕೊಳ್ಳಲು ಕಾರಣವಿದೆ. ಬಹುಪಾಲು ಎಲ್‌ಕೆಜಿ, ಯುಕೆಜಿಗಳಲ್ಲಿ ಈಗ ನಡೆಯುತ್ತಿರುವುದು ಒಂದನೇ ತರಗತಿಯ ಪಾಠವೇ, ಎರಡು ವರ್ಷ ಮುಂಚಿತವಾಗಿ. ನಾಲ್ಕು ಗೆರೆಯ ಪುಸ್ತಕದಲ್ಲಿ ಕಾಪಿ, ಕರ್ಸಿವ್ ಅಕ್ಷರ, 1ರಿಂದ 100, ಎರಡರ ಮಗ್ಗಿ, ಶುಕ್ರವಾರ ಡಿಕ್ಟೇಷನ್, ಡೈರಿಯಲ್ಲಿ ಹೋಂವರ್ಕ್. ಆಟ ಇಲ್ಲವೆಂದಲ್ಲ. ವೇಳಾಪಟ್ಟಿಯಲ್ಲಿ ಊಟದ ನಂತರ ಇಪ್ಪತ್ತು ನಿಮಿಷ ‘ಪ್ಲೇ’ ಎಂದು ಬರೆದಿರುತ್ತದೆ. ಬರೆದು ಮುಗಿಸಿದವರಿಗೆ ಆಟ, ಮುಗಿಸದವರು ಕೂತು ಬರೆಯಬೇಕು. ಅಂದರೆ ಆಟ ಬಹುಮಾನವಾಯಿತು, ಅದನ್ನು ಕಿತ್ತುಕೊಳ್ಳುವುದು ಶಿಕ್ಷೆಯಾಯಿತು. ಈ ಕ್ರಮ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಮೂರರಿಂದ ಆರರ ವಯಸ್ಸಿನಲ್ಲಿ ಆಟ ಕಲಿಕೆಯ ನಡುವಿನ ಬಿಡುವಲ್ಲ. ಕಲಿಕೆಯ ಮುಖ್ಯ ಭಾಗ ನಡೆಯುವುದೇ ಅಲ್ಲಿ. ಟೀಚರ್‌ ಮಾಡಬೇಕಾದ ಅತಿ ಕಷ್ಟದ ಕೆಲಸವೂ ಇರುವುದು ಅಲ್ಲಿಯೇ.

ಮಕ್ಕಳ ಅಂಗಡಿ ಆಟವನ್ನು ಹತ್ತು ನಿಮಿಷ ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ತರಗತಿಯ ಒಂದು ಮೂಲೆಯಲ್ಲಿ ಖಾಲಿ ಡಬ್ಬಿಗಳು, ಸೀಗೆಕಾಯಿ, ಹುಣಸೆ ಬೀಜ, ಕಡ್ಡಿ ಕಟ್ಟಿ ಮಾಡಿದ ತಕ್ಕಡಿ. ಒಬ್ಬ ಅಂಗಡಿಯವನು, ಇಬ್ಬರು ಗಿರಾಕಿಗಳು. ಮೊದಲು ಯಾರು ಏನಾಗಬೇಕೆಂದು ಜಗಳ. ಅಂಗಡಿಯವನು ಎದ್ದು ಹೋಗುವಂತಿಲ್ಲ, ಗಿರಾಕಿ ತಾನೇ ತೆಗೆದುಕೊಳ್ಳುವಂತಿಲ್ಲ. ಈ ನಿಯಮಗಳನ್ನು ಯಾರೂ ಹೇಳಿಕೊಟ್ಟಿಲ್ಲ, ಆದರೆ ಮುರಿದವರನ್ನು ಉಳಿದವರು ಬಿಡುವುದಿಲ್ಲ. ‘ಐದು ರೂಪಾಯಿ’ ಎಂದರೆ ಐದು ಬೀಜ ಎಣಿಸಿ ಕೊಡಬೇಕು. ಹುಣಸೆ ಬೀಜ ದುಡ್ಡಾಗಬಲ್ಲದು ಎಂದು ಒಪ್ಪಿದ ಮಗುವಿಗೆ, ಕಾಗದದ ಮೇಲಿನ ಗೀಟು ‘ಕ’ ಎಂಬ ಸದ್ದಾಗಬಲ್ಲದು ಎಂದು ಒಪ್ಪುವುದು ಅಷ್ಟು ದೂರದ ಹೆಜ್ಜೆಯಲ್ಲ. ಒಂದನ್ನು ಇನ್ನೊಂದರ ಬದಲಿಗೆ ನಿಲ್ಲಿಸುವ ಶಕ್ತಿ ಎರಡಕ್ಕೂ ಬೇಕು. ಈಗ ಟೀಚರ್ ಗಿರಾಕಿಯಾಗಿ ಬಂದು, ‘ಅಣ್ಣಾ, ಬಿಲ್ ಬೇಕಲ್ಲ’ ಎಂದು ಕೇಳುತ್ತಾರೆ ಎನ್ನಿ. ಅಂಗಡಿಯವನು ಚೀಟಿಯ ಮೇಲೆ ಏನೋ ಗೀಚಿ ಕೊಡುತ್ತಾನೆ. ಅಕ್ಷರ ಇನ್ನೂ ಬಂದಿಲ್ಲ, ಬರವಣಿಗೆ ಏಕೆ ಬೇಕು ಎಂಬುದು ಬಂದಾಯಿತು. ಕಾಪಿ ಪುಸ್ತಕದ ಹತ್ತು ಪುಟ ತಿದ್ದಿದರೂ ಈ ತಿಳಿವಳಿಕೆ ಹುಟ್ಟುವುದಿಲ್ಲ.

ಅದೇ ಗುಂಪಿಗೆ ಮೂರು ವರ್ಷದ ಪುಟ್ಟಿಯೊಬ್ಬಳು ಸೇರಬೇಕೆಂದು ಹಟ ಹಿಡಿದರೆ ದೊಡ್ಡ ಮಕ್ಕಳು ಅವಳನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಮಾಡಿ ಸೇರಿಸಿಕೊಳ್ಳುತ್ತಾರೆ. ಯಾರನ್ನೂ ಹೊರಗಿಡದೆ ಆಟವನ್ನೂ ಕೆಡಿಸದೆ ನಡೆಸುವ ಈ ಜಾಣತನವನ್ನು ನೀತಿಪಾಠದಿಂದ ಕಲಿಸಲಾಗದು.

ಅಂಕೆ ಮೀರಿ ಓಡುವ ಮಕ್ಕಳನ್ನು ಕೂರಿಸಿ ಬರೆಸಿದರೆ ಶಿಸ್ತು ಬರುತ್ತದೆ ಎಂದು ನಂಬುವವರು ಒಂದು ಹಳೆಯ ಪ್ರಯೋಗವನ್ನು ತಿಳಿದಿರಬೇಕು. ಸೋವಿಯತ್ ಸಂಶೋಧಕಿ ಮನುಯಿಲೆಂಕೊ 1948ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಪುಟ್ಟ ಮಕ್ಕಳಿಗೆ ಕದಲದೆ ನಿಂತಿರು ಎಂದು ಹೇಳಿದಾಗ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ನೀನು ಕಾವಲುಗಾರ, ಕಾವಲು ಕಾಯಬೇಕು ಎಂದು ಆಟವಾಗಿ ಹೇಳಿದಾಗ ನಾಲ್ಕು, ಐದು, ಆರರ ಮಕ್ಕಳು ಬಹಳ ಹೆಚ್ಚು ಹೊತ್ತು ನಿಂತರು. ಮನಸ್ಸನ್ನು ಹಿಡಿದಿಡುವ ಶಕ್ತಿ ಆ ವಯಸ್ಸಿನಲ್ಲಿ ದೊಡ್ಡವರ ಆಜ್ಞೆಗಿಂತ ಮೊದಲು ಪಾತ್ರದ ನಿಯಮಕ್ಕೆ ಒಲಿಯುತ್ತದೆ. ಸೋವಿಯತ್ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ 1933ರ ಉಪನ್ಯಾಸವೊಂದರಲ್ಲಿ ವಾದಿಸಿದ್ದು ಇದನ್ನೇ: ಮಗು ಆಟದಲ್ಲಿ ತನ್ನ ವಯಸ್ಸನ್ನು ಮೀರಿ ನಡೆದುಕೊಳ್ಳುತ್ತದೆ.

ಗಣಿತದ ವಿಷಯದಲ್ಲಿ ಸಾಕ್ಷ್ಯ ಇನ್ನೂ ಗಟ್ಟಿ. ಅಮೆರಿಕದ ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ 2008ರಲ್ಲಿ ಬಡ ಕುಟುಂಬಗಳ ಮಕ್ಕಳ ಜೊತೆ ಸರಳವಾದ ಆಟವೊಂದನ್ನು ಆಡಿಸಿದರು. ಒಂದೇ ಸಾಲಿನಲ್ಲಿ 1ರಿಂದ 10ರವರೆಗೆ ಮನೆಗಳು, ತಿರುಗಿಸಿದರೆ ಒಂದು ಅಥವಾ ಎರಡು ಬೀಳುತ್ತದೆ, ಅಷ್ಟು ಮನೆ ನಡೆಸಬೇಕು. 3ರಲ್ಲಿರುವ ಕಾಯಿಯನ್ನು ಎರಡು ಮನೆ ನಡೆಸುವಾಗ ‘ನಾಲ್ಕು, ಐದು’ ಎಂದು ಗಟ್ಟಿಯಾಗಿ ಹೇಳಬೇಕು. ಎರಡು ವಾರದೊಳಗೆ ಹದಿನೈದು ನಿಮಿಷದಂತೆ ನಾಲ್ಕು ಸಲ, ಒಟ್ಟು ಒಂದು ಗಂಟೆ. ಯಾವ ಸಂಖ್ಯೆ ದೊಡ್ಡದು, ಯಾವುದು ಎಲ್ಲಿ ಕೂರುತ್ತದೆ ಎಂಬ ಅರಿವು ಅಷ್ಟರಲ್ಲೇ ಎದ್ದು ಕಾಣುವಷ್ಟು ಬೆಳೆಯಿತು. ಅಂಕಿಗಳ ಬದಲು ಬಣ್ಣಗಳಿದ್ದ ಹಲಗೆಯಲ್ಲಿ ಆಡಿದ ಮಕ್ಕಳಲ್ಲಿ ಈ ಬೆಳವಣಿಗೆ ಕಾಣಲಿಲ್ಲ. ಗಮನಿಸಬೇಕಾದದ್ದು ಇದು: ಲಾಭ ಸಿಕ್ಕಿದ್ದು ಆಟ ಎಂಬ ಕಾರಣಕ್ಕಷ್ಟೇ ಅಲ್ಲ, ಆಟದ ಒಳಗೆ ಅಂಕಿಗಳ ಸಾಲು ಇದ್ದ ಕಾರಣಕ್ಕೆ.

ನಮ್ಮ ಅಂಗನವಾಡಿಯಲ್ಲಿ ಇದಕ್ಕೆ ಯಾವ ಕಿಟ್ಟೂ ಬೇಡ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಹತ್ತು ಮನೆ ಗೀಚಿ ಅಂಕಿ ಬರೆಯಿರಿ. ಚೌಕಾಬಾರಕ್ಕೆ ಮಾಡಿಕೊಳ್ಳುವಂತೆ ಒಂದು ಮಗ್ಗುಲು ತೇಯ್ದು ಬೆಳ್ಳಗೆ ಮಾಡಿದ ಎರಡು ಹುಣಸೆ ಬೀಜ ಸಾಕು. ಬಿಳಿ ಮಗ್ಗುಲು ಎಷ್ಟು ಬಿತ್ತೋ ಅಷ್ಟು ಮನೆ ಮಗುವೇ ಕುಪ್ಪಳಿಸಲಿ, ಕುಪ್ಪಳಿಸಿದ ಮನೆಯ ಅಂಕಿಯನ್ನು ಕೂಗಿ ಹೇಳಲಿ. ಅಳಗುಳಿ ಮಣೆಯನ್ನೂ ಹೀಗೆಯೇ ಮರಳಿ ತರಬಹುದು. ಕರಾವಳಿಯ ಚೆನ್ನೆಮಣೆಯಲ್ಲಿ 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಪೂರ್ತಿ ಆಟ ಐದು ವರ್ಷದವರಿಗೆ ಭಾರ. ಆದರೆ ಒಂದು ಸಾಲಿನ ಏಳು ಗುಳಿಗಳಿಗೆ ಒಂದೊಂದೇ ಕಾಯಿ ಹಾಕುತ್ತಾ ಹೋಗುವುದು ಎಣಿಕೆಯ ಮೊದಲ ತತ್ವವನ್ನು ಬೆರಳ ತುದಿಗೇ ಕಲಿಸುತ್ತದೆ: ಒಂದು ಗುಳಿಗೆ ಒಂದು ಕಾಯಿ, ಒಂದು ಕಾಯಿಗೆ ಒಂದು ಸಂಖ್ಯೆ. ನೂರರವರೆಗೆ ಗಿಳಿಪಾಠ ಒಪ್ಪಿಸುವ ಎಷ್ಟೋ ಮಕ್ಕಳಿಗೆ ಎಂಟು ಗೋಲಿ ಎಣಿಸಿಕೊಡು ಎಂದರೆ ತಪ್ಪುತ್ತದೆ. ಅವರಿಗೆ ಕೊರತೆಯಾಗಿರುವುದು ಬರೆಯುವ ಅಭ್ಯಾಸವಲ್ಲ, ಕೈಯಲ್ಲಿ ಹಿಡಿದು ಎಣಿಸುವ ಅಭ್ಯಾಸ.

ಕೈಯ ಮಾತು ಬಂದಾಗ ಇನ್ನೊಂದನ್ನೂ ಹೇಳಬೇಕು. ಮಣಿಕಟ್ಟಿನಲ್ಲಿರುವ 8 ಎಲುಬುಗಳಲ್ಲಿ ಹಲವು ನಾಲ್ಕನೇ ವಯಸ್ಸಿನಲ್ಲಿ ಇನ್ನೂ ಮೃದ್ವಸ್ಥಿಯಾಗಿಯೇ ಇರುತ್ತವೆ. ಬೆರಳುಗಳ ಸಣ್ಣ ಸ್ನಾಯುಗಳಿಗೆ ಹಿಡಿತ ಬರುವುದು ಜೇಡಿಮಣ್ಣು ನಾದುವುದರಿಂದ, ಮಣಿ ಪೋಣಿಸುವುದರಿಂದ, ಕಾಗದ ಹರಿದು ಅಂಟಿಸುವುದರಿಂದ, ಬಟಾಣಿ ಸುಲಿಯುವುದರಿಂದ. ಆ ಹಿಡಿತ ಬರುವ ಮೊದಲೇ ಪೆನ್ಸಿಲ್‌ ಹಿಡಿಸಿ ಪುಟಗಟ್ಟಲೆ ಬರೆಸಿದರೆ ಮಗು ಕಲಿಯುವುದು ಬರವಣಿಗೆಯನ್ನಲ್ಲ, ಬರವಣಿಗೆಯ ಮೇಲಿನ ಬೇಸರವನ್ನು.

ಇದೆಲ್ಲ ಹೊಸ ಶೋಧವೇನಲ್ಲ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಬಾಡ್ ಬ್ಲಾಂಕೆನ್‌ಬರ್ಗ್ ಎಂಬ ಊರಿನಲ್ಲಿ ಚೆಂಡು, ಮರದ ಗೋಲ, ಘನ, ಸಿಲಿಂಡರ್‌ಗಳಂಥ ಆಟಿಕೆಗಳನ್ನು ಮುಂದಿಟ್ಟುಕೊಂಡು ತನ್ನ ಸಂಸ್ಥೆ ತೆರೆದಾಗ ಶಿಶುವಿಹಾರದ ಅಡಿಪಾಯವಾಗಿದ್ದದ್ದೇ ಆಟ. ಪ್ರಷ್ಯಾ ಸರ್ಕಾರ ಅದನ್ನು ಅಪಾಯಕಾರಿ ಎಂದು 1851ರಲ್ಲಿ ನಿಷೇಧಿಸಿತು. ಮರುವರ್ಷ ಫ್ರೋಬೆಲ್ ತೀರಿಕೊಂಡರು. ನಿಷೇಧ ತೆರವಾದದ್ದು 1860ರಲ್ಲಿ. ನಮ್ಮಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ಕಟ್ಟಿದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಬೋರ್ಡಿಗೆ ಹೋದರು. ಮಾಂಟೆಸ್ಸರಿ ಸಲಕರಣೆ ಕೊಳ್ಳಲು ಹಳ್ಳಿಯಲ್ಲಿ ಯಾರಲ್ಲಿಯೂ ದುಡ್ಡಿಲ್ಲ ಎಂಬುದು ಅವರಿಗೆ ಅಡ್ಡಿಯಾಗಲಿಲ್ಲ. ಅನುತಾಯಿ ವಾಘ್ ಅವರೊಡಗೂಡಿ ಕಪ್ಪೆಚಿಪ್ಪು, ಬೀಜ, ಎಲೆ, ಮಣ್ಣುಗಳಿಂದಲೇ ಕಲಿಕೆಯ ಸಾಮಗ್ರಿ ಮಾಡಿ, ಶಾಲೆಗೆ ಬಾರದ ಮಕ್ಕಳ ಅಂಗಳಕ್ಕೇ ಶಾಲೆಯನ್ನು ಒಯ್ದರು. 1975ರ ಅಕ್ಟೋಬರ್ 2ರಂದು, ಅಂಗನವಾಡಿಗಳನ್ನು ತಂದ ಐಸಿಡಿಎಸ್ ಯೋಜನೆ ದೇಶದ 33 ಬ್ಲಾಕ್‌ಗಳಲ್ಲಿ ಶುರುವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಅದೇ ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಹುಟ್ಟಿದ ‘ನಲಿ-ಕಲಿ’ ಸರ್ಕಾರಿ ಶಾಲೆಯ ಪುಟ್ಟ ಮಕ್ಕಳಿಗೆ ಹಾಡು, ಆಟ, ಕಾರ್ಡುಗಳ ಮೂಲಕ ಕಲಿಸುವ ದಾರಿ ತೋರಿಸಿತು. ಅಂಗನವಾಡಿಗಳಿಗೆ ‘ಚಿಲಿಪಿಲಿ’ ಪಠ್ಯಕ್ರಮವೂ ಬಂತು. ನಮ್ಮ ನೆಲದಲ್ಲಿ ಇದಕ್ಕೆ ಇಷ್ಟು ಉದ್ದದ ಪರಂಪರೆ ಇರುವಾಗ ಆಟ ಎಂದರೆ ಹೊರದೇಶದ, ದುಬಾರಿ ಶಾಲೆಗಳ ಶೋಕಿ ಎನ್ನುವ ಮಾತನ್ನು ನಾನು ಒಪ್ಪಲಾರೆ.

ಕಾಗದದ ಮೇಲಿನ ನೀತಿಯೂ ಆಟದ ಪರವಾಗಿಯೇ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿ ಹಂತವೆಂದು ಕರೆಯಿತು. 2022ರ ಅಕ್ಟೋಬರ್‌ನಲ್ಲಿ ಬಂದ ಆ ಹಂತದ ಪಠ್ಯಕ್ರಮ ಚೌಕಟ್ಟು ಆಟವನ್ನು ಮಧ್ಯದಲ್ಲಿಟ್ಟು, ಆರು ವರ್ಷದೊಳಗಿನ ಮಕ್ಕಳಿಗೆ ಪಠ್ಯಪುಸ್ತಕ ನಿಗದಿ ಮಾಡುವುದು ಬೇಡ ಎಂದಿತು. ಎರಡನೇ ತರಗತಿಯವರೆಗೆ ಹೋಂವರ್ಕ್ ಬೇಡ ಎಂದು 2020ರ ಶಾಲಾ ಬ್ಯಾಗ್ ನೀತಿ ಹೇಳಿದೆ. ಇಷ್ಟಾದರೂ ಜೂನ್‌ನಲ್ಲಿ ಎಲ್‌ಕೆಜಿ ಮಗುವಿನ ಪುಸ್ತಕದ ಪಟ್ಟಿ ನೋಡಿದರೆ ಎದೆ ಝಲ್ಲೆನ್ನುತ್ತದೆ.

ಈ ಅವಸರದಿಂದ ಮುಂದೆ ಲಾಭವಿದೆಯೇ? ನಮ್ಮದೇ ದೇಶದಲ್ಲಿ ನಡೆದ ಒಂದು ದೊಡ್ಡ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯದ ಶಿಶು ಶಿಕ್ಷಣ ಕೇಂದ್ರ, ಅಸರ್ ಸೆಂಟರ್ ಮತ್ತು ಯುನಿಸೆಫ್ ಸೇರಿ ರಾಜಸ್ಥಾನ, ಅಸ್ಸಾಂ ಮತ್ತು ತೆಲುಗು ನಾಡಿನ ಸುಮಾರು 14,000 ಮಕ್ಕಳನ್ನು ನಾಲ್ಕರಿಂದ ಎಂಟರ ವಯಸ್ಸಿನವರೆಗೆ ಹಿಂಬಾಲಿಸಿದವು. 2017ರಲ್ಲಿ ಬಂದ ವರದಿಯ ಪ್ರಕಾರ ಹೆಚ್ಚಿನ ಕೇಂದ್ರಗಳಲ್ಲಿ ನಡೆಯುತ್ತಿದ್ದುದು ಅಕ್ಷರ, ಅಂಕಿಗಳ ಬಾಯಿಪಾಠ. ಅಲ್ಲಿಂದ ಹೊರಬಂದ ಬಹುಪಾಲು ಮಕ್ಕಳು ಒಂದನೇ ತರಗತಿಗೆ ಬೇಕಾದ ಸಿದ್ಧತೆ ಇಲ್ಲದೆಯೇ ಶಾಲೆ ಸೇರಿದ್ದರು. ಯೋಜಿಸಿದ ಆಟ-ಚಟುವಟಿಕೆಗಳಿದ್ದ ಕೆಲವೇ ಕೇಂದ್ರಗಳ ಮಕ್ಕಳ ಸ್ಥಿತಿ ಉತ್ತಮವಾಗಿತ್ತು.

ಅಮೆರಿಕದಿಂದ ಬಂದ ಎಚ್ಚರಿಕೆ ಇದಕ್ಕಿಂತ ಕಟುವಾದದ್ದು. ಕಿಂಡರ್‌ಗಾರ್ಟನ್ ಮುಗಿಯುವುದರೊಳಗೆ ಮಗುವಿಗೆ ಓದಲು ಬರಬೇಕು ಎನ್ನುವ ಟೀಚರ್‌ಗಳ ಪ್ರಮಾಣ ಅಲ್ಲಿ 1998ರಲ್ಲಿ ಶೇ 31 ಇದ್ದದ್ದು 2010ರ ಹೊತ್ತಿಗೆ ಶೇ 80ಕ್ಕೆ ಏರಿತು. ಟೆನ್ನೆಸ್ಸೀ ರಾಜ್ಯದ ಸರ್ಕಾರಿ ಶಿಶು ತರಗತಿಗಳಿಗೆ ಲಾಟರಿಯಲ್ಲಿ ಸೀಟು ಸಿಕ್ಕವರನ್ನು ಸಿಗದವರೊಂದಿಗೆ ಹೋಲಿಸಿ ಹಲವು ವರ್ಷ ಅಧ್ಯಯನ ನಡೆಸಿದಾಗ, ಸೀಟು ಸಿಕ್ಕ ಮಕ್ಕಳು ಮೊದಲ ವರ್ಷ ಮುಂದಿದ್ದರು. ಆರನೇ ತರಗತಿಗೆ ಬರುವಷ್ಟರಲ್ಲಿ ಹಿಂದೆ ಬಿದ್ದಿದ್ದರು, ಶಿಸ್ತಿನ ದೂರುಗಳೂ ಅವರ ಮೇಲೆಯೇ ಹೆಚ್ಚಿದ್ದವು. ಅಧ್ಯಯನ ನಡೆಸಿದ ಡೇಲ್ ಫರಾನ್ ಬೊಟ್ಟು ಮಾಡಿದ್ದು ಆ ತರಗತಿಗಳ ಸ್ವರೂಪದ ಕಡೆಗೆ: ಇಡೀ ಗುಂಪನ್ನು ಕೂರಿಸಿ ಪಾಠ, ಹೆಜ್ಜೆಹೆಜ್ಜೆಗೂ ನಿಯಂತ್ರಣ, ಆಟಕ್ಕೆ ಕಡಿಮೆ ಸಮಯ. ಕಾರಣ ಇದೊಂದೇ ಎಂದು ಪಟ್ಟು ಹಿಡಿಯಲಾಗದು. ಆದರೂ ಬೇಗ ಕಲಿಸಿದರೆ ಬೇಗ ಮುಂದೆ ಹೋಗುತ್ತಾರೆ ಎಂಬ ನಮ್ಮ ಲೆಕ್ಕಾಚಾರ ಅಲ್ಲಿ ತಲೆಕೆಳಗಾಯಿತು.

ಆಟದ ಪರ ಮಾತನಾಡುವವರು ಪ್ರಾಮಾಣಿಕವಾಗಿ ಒಪ್ಪಬೇಕಾದ ಇನ್ನೊಂದು ಮುಖವಿದೆ. ಮಕ್ಕಳನ್ನು ಆಟಿಕೆಗಳ ನಡುವೆ ಬಿಟ್ಟು ಟೀಚರ್ ರಿಜಿಸ್ಟರ್ ಬರೆಯುತ್ತಾ ಕೂತರೆ ತಾನಾಗಿ ಎಲ್ಲವೂ ಅರಳುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಮನಶ್ಶಾಸ್ತ್ರಜ್ಞೆ ಆಂಜೆಲಿನ್ ಲಿಲಾರ್ಡ್ ಮತ್ತು ಸಂಗಡಿಗರು 2013ರಲ್ಲಿ ಹಳೆಯ ಸಂಶೋಧನೆಗಳನ್ನೆಲ್ಲ ಜರಡಿ ಹಿಡಿದು, ಕಲ್ಪನೆಯ ಆಟದಿಂದ ಬುದ್ಧಿಯೂ ಸೃಜನಶೀಲತೆಯೂ ಬೆಳೆಯುತ್ತದೆ ಎಂಬ ಹಲವು ದಾವೆಗಳಿಗೆ ಆಧಾರ ಸಾಲದು ಎಂದು ತೋರಿಸಿದರು. ಅದೇ ವರ್ಷದ ಇನ್ನೊಂದು ಪ್ರಯೋಗ ದಾರಿಯನ್ನು ಸ್ಪಷ್ಟಗೊಳಿಸಿತು. ನಾಲ್ಕೈದು ವರ್ಷದ ಮಕ್ಕಳಿಗೆ ತ್ರಿಕೋನ, ಚೌಕ ಮೊದಲಾದ ಆಕಾರಗಳನ್ನು ಮೂರು ಬಗೆಯಲ್ಲಿ ಪರಿಚಯಿಸಲಾಯಿತು. ಒಂದು ಗುಂಪಿಗೆ ದೊಡ್ಡವರೇ ವಿವರಿಸಿದರು, ಮಕ್ಕಳು ಕೇಳಿದರು. ಇನ್ನೊಂದಕ್ಕೆ ಆಕಾರಗಳನ್ನು ಕೊಟ್ಟು ಆಡಿಕೊಳ್ಳಿ ಎಂದು ಬಿಡಲಾಯಿತು. ಮೂರನೆಯದರಲ್ಲಿ ದೊಡ್ಡವರೂ ಮಕ್ಕಳೂ ಪತ್ತೇದಾರರಾಗಿ, ಈ ಆಕಾರಗಳ ಗುಟ್ಟೇನು, ಮೂಲೆ ಎಷ್ಟು, ಬದಿ ಎಷ್ಟು ಎಂದು ಸೇರಿ ಹುಡುಕಿದರು. ಓರೆಯಾಗಿ ನಿಂತ, ಸಣಕಲಾಗಿ ಉದ್ದವಾದ ತ್ರಿಕೋನವನ್ನು ‘ಇದೂ ತ್ರಿಕೋನವೇ’ ಎಂದು ಚೆನ್ನಾಗಿ ಗುರುತಿಸಿದವರು ಈ ಮೂರನೇ ಗುಂಪಿನವರು. ಆಟ ಮಗುವಿನ ಕೈಯಲ್ಲಿ, ಗುರಿ ಟೀಚರ್ ಮನಸ್ಸಿನಲ್ಲಿ. ಎರಡೂ ಇರಬೇಕು.

ಹಾಗಾಗಿ ಈ ಬೋಧನೆ ಕಪ್ಪುಹಲಗೆಯ ಬೋಧನೆಗಿಂತ ಕಷ್ಟದ್ದು. ಯಾವ ಮೂಲೆಯಲ್ಲಿ ಏನಿಡಬೇಕು, ಯಾವಾಗ ಒಳಗೆ ಹೋಗಿ ಒಂದು ಪ್ರಶ್ನೆ ಎಸೆಯಬೇಕು, ಯಾವಾಗ ಸುಮ್ಮನೆ ನೋಡಬೇಕು ಎಂಬುದು ವರ್ಷಗಟ್ಟಲೆ ಪಳಗಿದ ಕಣ್ಣಿಗೆ ಮಾತ್ರ ಗೊತ್ತಾಗುತ್ತದೆ. ಶಿಕಾಗೊ ವಿಶ್ವವಿದ್ಯಾಲಯದ ಪ್ರಾಯೋಗಿಕ ಶಾಲೆಯಲ್ಲಿ ಬಹುಕಾಲ ಕಿಂಡರ್‌ಗಾರ್ಟನ್ ಟೀಚರ್ ಆಗಿದ್ದ ವಿವಿಯನ್ ಪೇಲಿ ಒಂದು ಪದ್ಧತಿ ಬೆಳೆಸಿದ್ದರು. ಮಗು ಕಥೆ ಹೇಳುತ್ತದೆ, ಟೀಚರ್ ಅದನ್ನು ಮಗುವಿನ ಮಾತಿನಲ್ಲೇ ಬರೆದುಕೊಳ್ಳುತ್ತಾರೆ, ಆಮೇಲೆ ಇಡೀ ತರಗತಿ ಅದನ್ನು ಅಭಿನಯಿಸುತ್ತದೆ. ತಾನು ಆಡಿದ ಮಾತು ಕಾಗದಕ್ಕಿಳಿದು, ಕಾಗದದಿಂದ ಮತ್ತೆ ಮಾತಾಗಿ ಎದ್ದು ಬರುವುದನ್ನು ಮಗು ಕಣ್ಣಾರೆ ನೋಡುತ್ತದೆ. ಒಂದು ಪೆನ್ನು, ಒಂದು ನೋಟ್‌ಬುಕ್ ಇದ್ದರೆ ಯಾದಗಿರಿಯ ಅಂಗನವಾಡಿಯಲ್ಲೂ ಇದನ್ನು ನಾಳೆಯಿಂದಲೇ ಮಾಡಬಹುದು. ಅಲ್ಲಿ ಮನೆಯಲ್ಲಿ ಲಂಬಾಣಿಯೋ ಉರ್ದುವೋ ಆಡುವ ಮಗು, ಕರಾವಳಿಯಲ್ಲಾದರೆ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡುವ ಮಗು, ತನ್ನ ಮನೆಮಾತಿನಲ್ಲೇ ಕಥೆ ಶುರುಮಾಡಲಿ. ಇಂಗ್ಲಿಷ್‌ನಲ್ಲಿ ಮಾತ್ರ ಮಾತಾಡಬೇಕು ಎಂದು ಬಾಯಿ ಮುಚ್ಚಿಸಿದ ತರಗತಿಯಲ್ಲಿ ನಾಲ್ಕು ವರ್ಷದ ಮಗು ಕಳೆದುಕೊಳ್ಳುವುದು ಬರೀ ಒಂದು ಭಾಷೆಯನ್ನಲ್ಲ, ಯೋಚಿಸಿದ್ದನ್ನು ಹೇಳುವ ಧೈರ್ಯವನ್ನೇ.

ಟೀಚರ್‌ಗಳನ್ನು ದೂರುವುದು ಅನ್ಯಾಯ. ಅಂಗನವಾಡಿ ಕಾರ್ಯಕರ್ತೆಯ ದಿನವನ್ನು ನೋಡಿ. ಮಕ್ಕಳ ತೂಕ, ಪೌಷ್ಟಿಕ ಆಹಾರ, ಗರ್ಭಿಣಿ-ಬಾಣಂತಿಯರ ಊಟ, ಪೋಷಣ್ ಟ್ರ್ಯಾಕರ್‌ಗೆ ಮಾಹಿತಿ ತುಂಬುವುದು, ಚುಚ್ಚುಮದ್ದಿನ ದಿನ ಮನೆಮನೆ ತಿರುಗುವುದು, ಸಮೀಕ್ಷೆ, ಎಷ್ಟೋ ಕಡೆ ಮತದಾರರ ಪಟ್ಟಿಯ ಕೆಲಸ. ಇದರ ನಡುವೆ ಇಪ್ಪತ್ತು ಮೂವತ್ತು ಮಕ್ಕಳನ್ನು ಒಂದೇ ಕೋಣೆಯಲ್ಲಿ ಆಡಿಸುತ್ತಾ ಕಲಿಸಬೇಕು. ಖಾಸಗಿ ಶಾಲೆಯ ಯುಕೆಜಿ ಮಿಸ್‌ಗೆ ಇನ್ನೊಂದು ಬಗೆಯ ಒತ್ತಡ: ಕಡಿಮೆ ಸಂಬಳ, ತಿಂಗಳ ಕೊನೆಗೆ ತುಂಬಿದ ನೋಟ್‌ಬುಕ್ ತೋರಿಸದಿದ್ದರೆ ‘ಏನೂ ಹೇಳಿಕೊಟ್ಟಿಲ್ಲ’ ಎಂಬ ಪೋಷಕರ ದೂರು. ಅಂಗಡಿ ಆಟದಲ್ಲಿ ಕಲಿತದ್ದನ್ನು ಬ್ಯಾಗಿನಲ್ಲಿಟ್ಟು ಮನೆಗೆ ಕಳಿಸಲು ಬರುವುದಿಲ್ಲ.

ಪೋಷಕರ ಭಯಕ್ಕೂ ಬೇರಿದೆ. ಓದಲು ಬರೆಯಲು ಬಾರದಿದ್ದರೆ ಒಂದನೇ ಕ್ಲಾಸಿಗೆ ತೆಗೆದುಕೊಳ್ಳುವುದಿಲ್ಲ ಎಂದು ಕೆಲವು ಶಾಲೆಗಳು ಹೇಳುತ್ತವೆ. ಪ್ರವೇಶಕ್ಕೆ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪರೀಕ್ಷೆಗೊಡ್ಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ನಿಷೇಧಿಸಿದೆ. ಇದು ಹಲವು ಪೋಷಕರಿಗೆ ಗೊತ್ತಿಲ್ಲ, ಗೊತ್ತಿದ್ದವರಿಗೂ ಸೀಟಿನ ಮುಂದೆ ಕಾಯ್ದೆ ಹಿಡಿದು ನಿಲ್ಲುವ ಧೈರ್ಯ ಬರುವುದಿಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿಗಳು ಪ್ರವೇಶದ ತಿಂಗಳುಗಳಲ್ಲಿ ಈ ಒಂದು ಕಲಮನ್ನು ಬಿಗಿಯಾಗಿ ಜಾರಿ ಮಾಡಿದರೂ ಯುಕೆಜಿಯ ಮೇಲಿನ ಅರ್ಧ ಒತ್ತಡ ಇಳಿಯುತ್ತದೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಮಾಡಬೇಕಾದದ್ದೂ ಕಷ್ಟದ್ದೇನಲ್ಲ. ಬೆಳಿಗ್ಗೆಯ ಎರಡು ಗಂಟೆ ಅಂಗನವಾಡಿ ಕಾರ್ಯಕರ್ತೆ ಮಕ್ಕಳ ಜೊತೆಗೇ ಇರಬೇಕು, ಆ ಹೊತ್ತಿನಲ್ಲಿ ಬೇರಾವ ಕೆಲಸವನ್ನೂ ಅವರ ಮೇಲೆ ಹೇರಬಾರದು ಎಂದು ಆದೇಶಿಸಿ, ಅದನ್ನು ಪಾಲಿಸಲಿ.

ಈ ವರ್ಷ ಎಲ್‌ಕೆಜಿಗೋ ಅಂಗನವಾಡಿಗೋ ಮಗುವನ್ನು ಸೇರಿಸುವ ತಂದೆತಾಯಿಯರಲ್ಲಿ ನನ್ನ ಕೋರಿಕೆ ಇಷ್ಟು. ಪುಸ್ತಕಗಳ ಪಟ್ಟಿ ಕೇಳುವ ಮೊದಲು ವೇಳಾಪಟ್ಟಿ ಕೇಳಿ. ಮಕ್ಕಳು ದಿನಕ್ಕೆ ಎಷ್ಟು ಹೊತ್ತು ತಡೆಯಿಲ್ಲದೆ ಆಡುತ್ತಾರೆ, ಆಗ ಟೀಚರ್ ಎಲ್ಲಿರುತ್ತಾರೆ ಎಂದು ಕೇಳಿ. ತರಗತಿಯೊಳಗೆ ಹೋಗಿ ಮಣ್ಣು, ಮರದ ತುಂಡು, ಬೀಜ, ಗೊಂಬೆಗಳು ಮಕ್ಕಳ ಕೈಗೆಟುಕುವ ಎತ್ತರದಲ್ಲಿವೆಯೇ, ಬೀರುವಿನೊಳಗೆ ಬೀಗ ಹಾಕಿವೆಯೇ ನೋಡಿ. ಪೇರೆಂಟ್ಸ್ ಮೀಟಿಂಗಿನಲ್ಲಿ ಹೋಂವರ್ಕ್ ಹೆಚ್ಚಿಸಿ ಎಂದು ಕೇಳುವ ದನಿಗಳು ಯಾವಾಗಲೂ ಇರುತ್ತವೆ. ಆಟ ಹೆಚ್ಚಿಸಿ ಎಂದು ಕೇಳುವವರು ನೀವಾಗಿ.